ಸವೆಯುವ ಕೀಲು, ಸೂಕ್ಷ್ಮ ಕಣ: ಮೃದ್ವಸ್ಥಿ ಕೋಶಗಳ ಪರೀಕ್ಷೆಯಿಂದ ಕಲಿಯತಕ್ಕ ಪಾಠ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ‘ಮಂಡಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ನಮ್ಮೆಲ್ಲರ ಭಾರ ಹೊರುವ ಕಾಲಿನ ಕೀಲು. ಮತ್ತೊಂದು, ಬಡಗುತಿಟ್ಟಿನ ಯಕ್ಷಗಾನದಲ್ಲಿ ಅಭಿಮನ್ಯು, ಬಬ್ರುವಾಹನರಂತಹ ತರುಣ ವೀರರ ವೇಷಧಾರಿಗಳು ಮೊಣಕಾಲೂರಿ ರಂಗಸ್ಥಳದ ಸುತ್ತ ಗಿರಗಿರನೆ ತಿರುಗುವ ಕುಣಿತ. ಮಳೆಗಾಲ ಕಳೆದು ಮೇಳ ತಿರುಗಾಟಕ್ಕೆ ಹೊರಟಿತೆಂದರೆ ಮುಂದಿನ ಮಳೆಗಾಲದ ಹೊಸ್ತಿಲವರೆಗೆ ಊರಿಂದೂರಿಗೆ ಆಟ. ಚೆಂಡೆಯ ಪೆಟ್ಟಿಗೆ ಸರಿಯಾಗಿ ಮಂಡಿ ಹಾಕುವ ಕಲಾವಿದನಿಗೆ ಸಭೆಯಿಂದ ಚಪ್ಪಾಳೆ ದೊರೆಯುತ್ತದೆ. ಆ ಚಪ್ಪಾಳೆಯ ಬೆಲೆಯನ್ನು ಆತನ ಮೊಣಕಾಲು ಇಪ್ಪತ್ತು ವರ್ಷಗಳ ತರುವಾಯ ತೆರುವುದುಂಟು.

ಕಲಾವಿದರಿಗೆ ಮಾತ್ರವೇ ಈ ಕಷ್ಟವೆಂದಲ್ಲ. ಕೆಸರುಗದ್ದೆಯಲ್ಲಿ ನಡು ಬಗ್ಗಿಸಿ ನಟ್ಟಿ ಮಾಡಿದ ಹೆಂಗಸರು, ಗಂಗೊಳ್ಳಿಯ ಬಂದರಿನಿಂದ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿದವರು, ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವರು, ಕೆಂಪುಕಲ್ಲು ಕಡಿದವರು, ಇವರೆಲ್ಲರ ಮುಪ್ಪು ಮೊದಲು ಬಂದು ಕುಳಿತುಕೊಳ್ಳುವುದು ಮೊಣಕಾಲಿನಲ್ಲಿಯೇ.

ಒಮ್ಮೆ ವೇಷ ಬಿಟ್ಟು ಮನೆ ಸೇರಿದ ಹಿರಿಯ ಕಲಾವಿದರೊಬ್ಬರು ಪತ್ರಿಕೆಯ ತುಣುಕೊಂದನ್ನು ಹಿಡಿದು ನನ್ನಲ್ಲಿಗೆ ಬಂದರು. ಕೀಲುಬೇನೆಗೆ ‘ನ್ಯಾನೋ ಕಣ’ಗಳ ಔಷಧವನ್ನು ವಿಜ್ಞಾನಿಗಳು ಮೃದ್ವಸ್ಥಿ ಕೋಶಗಳ ಮೇಲೆ ಪರೀಕ್ಷಿಸಿ ಗುಣ ಕಂಡಿದ್ದಾರೆಂಬ ವಾರ್ತೆ ಅದರಲ್ಲಿತ್ತು. “ಮಾಷ್ಟ್ರೇ, ಆ ಸೂಜಿ ಇಲ್ಲಿಗ್ ಯಾವಾಗ ಬತ್ತ್?” ಎಂದು ಅವರು ಕೇಳಿದರು. ಅವರು ಅದಕ್ಕೂ ಮೊದಲು ನಾಲ್ಕೈದು ಸಲ ಮಂಡಿಗೆ ಸೂಜಿ ಹಾಕಿಸಿಕೊಂಡಿದ್ದರು. ಪ್ರತಿ ಸಲವೂ ಕೆಲವು ವಾರ ನೋವು ಇಳಿಯುತ್ತಿತ್ತು. ಆ ಬಿಡುವಿನಲ್ಲಿಯೇ ಅವರು ಮತ್ತೆ ಗೆಜ್ಜೆ ಕಟ್ಟಿ ರಂಗಕ್ಕೆ ಇಳಿದಿದ್ದರು. ಅವರ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನನ್ನಲ್ಲಿರಲಿಲ್ಲ. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ, ಅಧ್ಯಾಪಕ ಬಂಧುಗಳ ಹಾಗೂ ಹಳೆಯ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ಕೀಲಿನ ರಚನೆ

ತೊಡೆಯ ಮೂಳೆಯ ತುದಿಯೂ ಮೊಣಕಾಲಿನ ಕೆಳಗಿನ ಮೂಳೆಯ ತಲೆಯೂ ಒಂದನ್ನೊಂದು ಎದುರಿಸುವ ಜಾಗದಲ್ಲಿ ನುಣುಪಾದ, ಮುತ್ತಿನ ಬಣ್ಣದ ಹೊದಿಕೆಯೊಂದಿದೆ. ಇದೇ ಮೃದ್ವಸ್ಥಿ. ಮಂಡಿಯಲ್ಲಿ ಇದರ ದಪ್ಪ ಬಹುಪಾಲು 2ರಿಂದ 4 ಮಿಲಿಮೀಟರು ಮಾತ್ರ. ನಾವು ಮೆಟ್ಟಿಲೇರುವಾಗ ಮೈತೂಕದ ಸುಮಾರು ಮೂರು ಪಟ್ಟು ಭಾರ ಇದರ ಮೇಲೆ ಬೀಳುತ್ತದೆ. ಇಷ್ಟು ತೆಳುವಾದ ಪದರ ಇಷ್ಟು ಭಾರವನ್ನು ದಶಕಗಳ ಕಾಲ ತಾಳುವುದು ಅದರ ವಿಶಿಷ್ಟ ರಚನೆಯಿಂದ.

ಮೃದ್ವಸ್ಥಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ನೀರು. ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಬಲೆಯ ಕಣ್ಣುಗಳಲ್ಲಿ ಅಗ್ರೆಕಾನ್ ಎಂಬ ದೊಡ್ಡ ಅಣುಗಳು ಸಿಕ್ಕಿಕೊಂಡಿರುತ್ತವೆ. ಈ ಅಣುಗಳು ಋಣ ವಿದ್ಯುದಂಶವುಳ್ಳವಾದುದರಿಂದ ಪರಸ್ಪರ ತಳ್ಳಿಕೊಳ್ಳುತ್ತ ನೀರನ್ನು ಸೆಳೆದು ಹಿಡಿದಿಡುತ್ತವೆ. ಭಾರ ಬಿದ್ದಾಗ ನೀರು ಮೆಲ್ಲನೆ ಹೊರಸೂಸುತ್ತದೆ, ಭಾರ ತೆಗೆದಾಗ ಮರಳಿ ಒಳಸೇರುತ್ತದೆ. ಈ ಬಲೆಯನ್ನೂ ಅಣುಗಳನ್ನೂ ತಯಾರಿಸುವವು ಅಲ್ಲಲ್ಲಿ ಒಂಟಿಯಾಗಿ ಹುದುಗಿರುವ ಮೃದ್ವಸ್ಥಿ ಕೋಶಗಳು. ಇಡೀ ಪದರದ ಗಾತ್ರದಲ್ಲಿ ಇವುಗಳ ಪಾಲು ನೂರಕ್ಕೆ ಎರಡು ಮೂರರಷ್ಟು.

ಇಲ್ಲಿ ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಆದಕಾರಣ ಗಾಯವಾದರೆ ಚರ್ಮದಂತೆ ಅದು ತಾನಾಗಿ ಕೂಡಿಕೊಳ್ಳದು. ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬಾರದೆಂಬುದನ್ನು ಇಂಗ್ಲೆಂಡಿನಲ್ಲಿ ನೆಲೆಸಿದ್ದ ವಿಲಿಯಂ ಹಂಟರ್ 1743ರಷ್ಟು ಹಿಂದೆಯೇ ಗುರುತಿಸಿದ್ದನು. ಎರಡನೆಯದಾಗಿ, ಅದರಲ್ಲಿ ನರಗಳೂ ಇಲ್ಲ. ಸವೆತ ಆರಂಭವಾದಾಗ ಮೃದ್ವಸ್ಥಿ ಕೂಗಿಕೊಳ್ಳುವುದಿಲ್ಲ. ನಮಗೆ ತಿಳಿಯುವ ನೋವು ಕೀಲಿನ ಒಳಪೊರೆಯಿಂದಲೂ ಕೆಳಗಿನ ಮೂಳೆಯಿಂದಲೂ ಬರುವಂಥದು. ಆ ನೋವು ಕಾಣಿಸಿಕೊಳ್ಳುವ ವೇಳೆಗೆ ಎಷ್ಟೋ ವೇಳೆ ಸವೆತ ಬಹುದೂರ ಸಾಗಿರುತ್ತದೆ.

ರೋಗದ ಬಗೆ

ಅಸ್ಥಿ ಸಂಧಿವಾತವನ್ನು ಹಿಂದೆ ಬರೀ ಸವೆತವೆಂದೇ ಎಣಿಸಲಾಗುತ್ತಿತ್ತು. ಚಕ್ಕಡಿಯ ಅಚ್ಚು ಸವೆದಂತೆ ಕೀಲೂ ಸವೆಯಿತೆಂಬುದು ಜನರ ಭಾವನೆ. ಈಗಿನ ತಿಳಿವಳಿಕೆ ಇದಕ್ಕಿಂತ ಮುಂದೆ ಹೋಗಿದೆ. ಪೆಟ್ಟು, ಅತಿಭಾರ, ವಯಸ್ಸು, ವಂಶಗುಣಗಳಿಂದ ಪೀಡಿತವಾದ ಕೋಶಗಳು ಇಂಟರ್‌ಲ್ಯೂಕಿನ್-1 ಮೊದಲಾದ ಉರಿಯೂತದ ಸಂದೇಶಗಳಿಗೆ ಓಗೊಟ್ಟು ತಮ್ಮ ಕಸುಬನ್ನೇ ತಿರುವುಮುರುವು ಮಾಡಿಕೊಳ್ಳುತ್ತವೆ. ಬಲೆ ನೇಯಬೇಕಾದ ಕೋಶ ಬಲೆ ಕತ್ತರಿಸುವ ಕಿಣ್ವಗಳನ್ನು ಸ್ರವಿಸತೊಡಗುತ್ತದೆ. ಕತ್ತರಿಸಿದ ಚೂರುಗಳು ಒಳಪೊರೆಯನ್ನು ಕೆರಳಿಸುತ್ತವೆ. ಕೆರಳಿದ ಪೊರೆ ಮತ್ತಷ್ಟು ಸಂದೇಶಗಳನ್ನು ಹೊರಡಿಸುತ್ತದೆ. ಹೀಗೆ ಕೇಡಿನ ಚಕ್ರವೊಂದು ಉರುಳತೊಡಗುತ್ತದೆ. ಈ ಚಕ್ರವನ್ನು ತಡೆದು ಸವೆತವನ್ನು ನಿಲ್ಲಿಸುತ್ತದೆಂದು ಸಿದ್ಧಪಟ್ಟು, ವೈದ್ಯರ ಕೈಗೆ ಬಂದ ಔಷಧ ಇಂದಿಗೂ ಇಲ್ಲ. ಇರುವವೆಲ್ಲ ನೋವು ಶಮನದ ಮಾರ್ಗಗಳು; ಕಡೆಗೆ ಕೃತಕ ಕೀಲಿನ ಶಸ್ತ್ರಚಿಕಿತ್ಸೆ.

ನೋವು ಬೇರೆ, ಸವೆತ ಬೇರೆ

ಉರಿಯೂತವೇ ಕಾರಣವೆಂದ ಮೇಲೆ ಉರಿಯೂತ ಶಮನದ ಪ್ರಬಲ ಔಷಧವಾದ ಸ್ಟೀರಾಯಿಡನ್ನು ಕೀಲಿಗೇ ಚುಚ್ಚಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಅಮೆರಿಕದ ಬೋಸ್ಟನ್ ನಗರದ ವೈದ್ಯರು ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷೆಗೊಡ್ಡಿದರು. ಮಂಡಿಯ ಸಂಧಿವಾತವುಳ್ಳ 140 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರಗಳಿಗೊಮ್ಮೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯಿಡನ್ನೂ ಮತ್ತೊಂದಕ್ಕೆ ಬರಿಯ ಉಪ್ಪುನೀರನ್ನೂ ಎರಡು ವರ್ಷಗಳವರೆಗೆ ಕೊಟ್ಟರು. ಯಾರಿಗೆ ಯಾವುದೆಂಬುದು ರೋಗಿಗಳಿಗೆ ತಿಳಿದಿರಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ಸ್ಟೀರಾಯಿಡ್ ಪಡೆದವರ ಮೃದ್ವಸ್ಥಿ ಸರಾಸರಿ 0.21 ಮಿಲಿಮೀಟರು ತೆಳುವಾಗಿತ್ತು, ಉಪ್ಪುನೀರಿನವರದು 0.10 ಮಿಲಿಮೀಟರು. ಎರಡು ವರ್ಷಗಳ ಕೊನೆಗೆ ನೋವಿನಲ್ಲಿ ಗಣನೀಯ ಅಂತರವೇ ಇರಲಿಲ್ಲ.

ಇದರಿಂದ ಸ್ಟೀರಾಯಿಡು ಎಲ್ಲ ವೇಳೆಯಲ್ಲೂ ಕೆಟ್ಟದೆಂದು ತಿಳಿಯಬಾರದು. ಊದಿಕೊಂಡು ನಿಲ್ಲಲಾರದ ಕೀಲಿಗೆ ವೈದ್ಯರು ಅದನ್ನು ವಿವೇಚನೆಯಿಂದ ಕೊಡುತ್ತಾರೆ. ಕೆಲವು ವಾರಗಳ ನೆಮ್ಮದಿಯೂ ಸುಳ್ಳಲ್ಲ. ಆದರೆ ನೋವು ಇಳಿದದ್ದನ್ನೇ ಕೀಲು ಉಳಿದದ್ದೆಂದು ಭಾವಿಸಲಾಗದು. ಔಷಧವೊಂದನ್ನು ಮೆಚ್ಚುವ ಮೊದಲು ಅದು ಮೃದ್ವಸ್ಥಿ ಕೋಶಕ್ಕೆ ಏನು ಮಾಡುತ್ತದೆಂದು ವಿಚಾರಿಸಬೇಕಾದ ಅಗತ್ಯ ಇಲ್ಲಿಯೇ ಹುಟ್ಟುತ್ತದೆ.

ಔಷಧವನ್ನು ಹೊತ್ತೊಯ್ಯುವ ಕಣ

ಎರಡನೆಯ ತೊಡಕು ಔಷಧದ ಆಯುಸ್ಸಿನದು. ಕೀಲಿಗೆ ಚುಚ್ಚಿದ ಔಷಧದ ಸಣ್ಣ ಅಣುಗಳು ಕೆಲವೇ ಗಂಟೆಗಳಲ್ಲಿ ಒಳಪೊರೆಯ ಮೂಲಕ ರಕ್ತಕ್ಕೆ ಹರಿದುಹೋಗುತ್ತವೆ. ಗುಳಿಗೆಯಾಗಿ ನುಂಗಿದರೆ ರಕ್ತನಾಳವೇ ಇಲ್ಲದ ಮೃದ್ವಸ್ಥಿಗೆ ತಲಪುವುದು ಅಲ್ಪ. ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ತಗಲುವ ಬಾಧೆ ಹೆಚ್ಚು. ಆದುದರಿಂದ ಔಷಧವನ್ನು ಸೂಕ್ಷ್ಮವಾದ ಕಣಗಳಲ್ಲಿ ತುಂಬಿ, ಅವು ಕೀಲಿನಲ್ಲಿಯೇ ನಿಂತು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವಂತೆ ಮಾಡುವ ಆಲೋಚನೆ ಬಂದಿತು.

ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೋಮೀಟರು. ಕಣದ ಗಾತ್ರಕ್ಕೆ ಇಲ್ಲಿ ಬಹಳ ಮಹತ್ವವಿದೆ. 2008ರ ಪ್ರಯೋಗವೊಂದರಲ್ಲಿ 38 ನ್ಯಾನೋಮೀಟರಿನ ಕಣಗಳು ಮೃದ್ವಸ್ಥಿಯ ಬಲೆಯೊಳಗೆ ನುಸುಳಿದವು. 96 ನ್ಯಾನೋಮೀಟರಿನವು ಹೊರಗೆ ನಿಂತವು. ವಿದ್ಯುದಂಶಕ್ಕೂ ಅಷ್ಟೇ ಮಹತ್ವ. ಬಲೆಯೊಳಗಿನ ಅಣುಗಳು ಋಣವಾದುದರಿಂದ ಧನ ವಿದ್ಯುದಂಶದ ಪುಟ್ಟ ಕಣಗಳನ್ನು ಅವು ತಾವಾಗಿ ಒಳಗೆಳೆದುಕೊಳ್ಳುತ್ತವೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯವರು 2018ರಲ್ಲಿ ಈ ಉಪಾಯದಿಂದ 10 ನ್ಯಾನೋಮೀಟರಿಗೂ ಕಿರಿದಾದ ಕಣಗಳನ್ನು ಇಲಿಗಳ ಕೀಲಿನಲ್ಲಿ 30 ದಿನಗಳವರೆಗೆ ನಿಲ್ಲಿಸಿದರು. ಇದಕ್ಕೆ ಬೇರೆಯಾದ ಮಾರ್ಗವೂ ಇದೆ. ಕಣವನ್ನು ಮೈಕ್ರಾನಿನಷ್ಟು ದೊಡ್ಡದು ಮಾಡಿ, ಕೀಲಿನ ದ್ರವದಲ್ಲಿ ಉಗ್ರಾಣದಂತೆ ಇರಿಸುವುದು. ಒಳನುಗ್ಗುವ ಕಣ, ಬಾಗಿಲಲ್ಲಿ ಕಾಯುವ ಕಣ ಎಂದು ಇವೆರಡನ್ನೂ ಗುರುತಿಸಿಕೊಳ್ಳಬಹುದು.

ಕೋಶಗಳ ಮೇಲಿನ ಪರೀಕ್ಷೆ

ಇನ್ನು ಪರೀಕ್ಷೆಯ ಕ್ರಮವನ್ನು ನೋಡೋಣ. ಕೃತಕ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಮೃದ್ವಸ್ಥಿಯನ್ನು ರೋಗಿಯ ಒಪ್ಪಿಗೆಯಿಂದ ಪಡೆಯುತ್ತಾರೆ. ಇಲ್ಲವೇ ಪ್ರಾಣಿಗಳ ಕೀಲಿನದನ್ನು ಬಳಸುತ್ತಾರೆ. ಅದನ್ನು ಚೂರು ಮಾಡಿ, ಕೊಲಾಜನನ್ನು ಕರಗಿಸುವ ಕಿಣ್ವದಲ್ಲಿ ನೆನೆಸಿ, ಕೋಶಗಳನ್ನು ಬಿಡಿಸಿ, ಪೋಷಕ ದ್ರವದಲ್ಲಿ ದೇಹದ ಶಾಖವಾದ 37 ಡಿಗ್ರಿಯಲ್ಲಿ ಬೆಳೆಸುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. ಚಪ್ಪಟೆಯಾದ ತಟ್ಟೆಯ ಮೇಲೆ ಹರಡಿ ಬೆಳೆಸಿದರೆ ಈ ಕೋಶಗಳು ಕೆಲವು ವಾರಗಳಲ್ಲಿ ತಮ್ಮ ಗುಣವನ್ನೇ ಮರೆತು, ಗಾಯದ ಕಲೆ ಕಟ್ಟುವ ಸಾಮಾನ್ಯ ಕೋಶಗಳಂತೆ ವರ್ತಿಸುತ್ತವೆ. ಮೃದುವಾದ ಲೋಳೆಗಟ್ಟಿನೊಳಗೆ ಇಟ್ಟರೆ ಅವು ಮರಳಿ ದುಂಡಗಾಗಿ ತಮ್ಮ ಕಸುಬಿಗೆ ಹಿಂದಿರುಗುತ್ತವೆಂದು 1982ರಲ್ಲಿ ತೋರಿಸಲಾಯಿತು. ಆ ಲೋಳೆಗಟ್ಟನ್ನು ತಯಾರಿಸುವುದು ಸಮುದ್ರದ ಪಾಚಿಯಿಂದ! ಕಡಲಂಚಿನ ನಮ್ಮ ವಿದ್ಯಾರ್ಥಿಗಳು ಬಂಡೆಗಳ ಮೇಲೆ ನಿತ್ಯ ಕಾಣುವ ಪಾಚಿಯ ಸಂಬಂಧಿಗಳೇ ಪ್ರಯೋಗಾಲಯದಲ್ಲಿ ಮಂಡಿಯ ಕೋಶಕ್ಕೆ ಮನೆಯಾಗುತ್ತವೆ.

ಕೋಶಗಳು ಸಿದ್ಧವಾದ ಮೇಲೆ ಕನಿಷ್ಠ ಐದು ತಟ್ಟೆಗಳು ಬೇಕು. ಮೊದಲನೆಯದರಲ್ಲಿ ಕೋಶಗಳು ಮಾತ್ರ. ಎರಡನೆಯದಕ್ಕೆ ಇಂಟರ್‌ಲ್ಯೂಕಿನ್-1 ಬೆರೆಸಿ ರೋಗವನ್ನು ಅನುಕರಿಸುತ್ತಾರೆ. ಉಳಿದ ಮೂರಕ್ಕೂ ಇದೇ ಪೀಡೆಯನ್ನು ಕೊಟ್ಟು, ಮೂರನೆಯದಕ್ಕೆ ಔಷಧವಿಲ್ಲದ ಖಾಲಿ ಕಣ, ನಾಲ್ಕನೆಯದಕ್ಕೆ ಕಣವಿಲ್ಲದ ಬರಿಯ ಔಷಧ, ಐದನೆಯದಕ್ಕೆ ಔಷಧ ತುಂಬಿದ ಕಣ ಸೇರಿಸುತ್ತಾರೆ. ಮೂರನೆಯ ತಟ್ಟೆ ಏಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಕಣ ತಯಾರಿಸುವ ಪದಾರ್ಥವೇ ಕೋಶಕ್ಕೆ ಹಾನಿ ಮಾಡಬಹುದು ಅಥವಾ ತಾನೇ ಗುಣ ಮಾಡಬಹುದು. ಖಾಲಿ ಕಣದ ತಟ್ಟೆ ಇಲ್ಲದಿದ್ದರೆ ಯಾವುದು ಔಷಧದ ಫಲ, ಯಾವುದು ಕಣದ ಫಲ ಎಂದು ಬೇರ್ಪಡಿಸಲಾಗದು.

ಬಳಿಕ ಅಳತೆಗಳು. ಕೋಶಗಳು ಬದುಕಿವೆಯೇ? ಜೀವಂತ ಕೋಶ ಹಳದಿ ಬಣ್ಣದ್ರವ್ಯವೊಂದನ್ನು ನೇರಳೆಗೆ ತಿರುಗಿಸುವುದರಿಂದ ಇದನ್ನು ತಿಳಿಯುತ್ತಾರೆ. ಉರಿಯೂತ ಇಳಿಯಿತೇ? ಕೋಶಗಳು ಹೊರಬಿಡುವ ನೈಟ್ರಿಕ್ ಆಕ್ಸೈಡಿನ ಕುರುಹನ್ನು ಗುಲಾಬಿ ಬಣ್ಣದ ಗಾಢತೆಯಿಂದ ಅಳೆಯುತ್ತಾರೆ. ಬಲೆ ಕತ್ತರಿಸುವ ಕಿಣ್ವ ಕಡಿಮೆಯಾಯಿತೇ? ಹೊಸ ಬಲೆಯ ನೇಯ್ಗೆ ನಡೆದಿದೆಯೇ? ಈ ಕೊನೆಯ ಪ್ರಶ್ನೆಯೇ ಮುಖ್ಯ. ಉರಿಯೂತ ಇಳಿದೂ ನೇಯ್ಗೆ ನಿಂತಿದ್ದರೆ ಔಷಧ ಪೂರ್ಣ ಗೆದ್ದಂತಲ್ಲ.

ಅರಿಸಿನದ ಸಾರವಾದ ಕುರ್‌ಕ್ಯುಮಿನ್ ನಮ್ಮ ಜನಕ್ಕೆ ಪ್ರಿಯವಾದುದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ತಟ್ಟೆಯಲ್ಲಿ ಅದು ಉರಿಯೂತವನ್ನು ತಗ್ಗಿಸುವುದನ್ನು ಹಲವು ಪ್ರಯೋಗಾಲಯಗಳು ಕಂಡಿವೆ. ಅದು ನೀರಿನಲ್ಲಿ ಕರಗದು, ದೇಹದಲ್ಲಿ ಬೇಗ ನಾಶವಾಗುವುದು. ಆದುದರಿಂದಲೇ ಅದನ್ನು ನ್ಯಾನೋ ಕಣಗಳಲ್ಲಿ ತುಂಬುವ ಯತ್ನಗಳು ನಡೆದಿವೆ. ಆದರೆ ಕುರ್‌ಕ್ಯುಮಿನ್ ತಾನೇ ಕಡು ಹಳದಿ ಬಣ್ಣದ್ದು, ಬೆಳಕು ಬಿದ್ದರೆ ಹೊಳೆಯುವಂಥದು. ಬಣ್ಣದ ಗಾಢತೆಯಿಂದಲೇ ಅಳೆಯುವ ಪರೀಕ್ಷೆಗಳಲ್ಲಿ ಅದು ಅಳತೆಯನ್ನೇ ತಪ್ಪಿಸಬಲ್ಲದು. ಪರಂಪರೆಯ ಮೇಲಿನ ಅಭಿಮಾನ ಪರೀಕ್ಷೆಯ ಬಿಗಿಯನ್ನು ಸಡಿಲಿಸಲು ಕಾರಣವಾಗಬಾರದು.

ಬೆಂಗಳೂರಿನ ಪ್ರಯತ್ನ

ಈ ದಾರಿಯಲ್ಲಿ ನಮ್ಮ ನಾಡಿನಲ್ಲಿಯೇ ಗಮನಾರ್ಹ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಚಿತ್ ಅಗರ್ವಾಲರ ತಂಡ 2020ರಲ್ಲಿ ರಾಪಮೈಸಿನ್ ಎಂಬ ಔಷಧವನ್ನು ಪಿ.ಎಲ್.ಜಿ.ಎ. ಎಂಬ ಪಾಲಿಮರಿನ ಸೂಕ್ಷ್ಮ ಕಣಗಳಲ್ಲಿ ತುಂಬಿ ಮೃದ್ವಸ್ಥಿ ಕೋಶಗಳ ಮೇಲೆ ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿತು. ಈ ಕಣಗಳು ನ್ಯಾನೋ ಗಾತ್ರಕ್ಕಿಂತ ದೊಡ್ಡವು, ಬಾಗಿಲಲ್ಲಿ ಕಾಯುವ ಜಾತಿಯವು. ಪಾಲಿಮರು ಕಾಲಕ್ರಮದಲ್ಲಿ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳಾಗಿ ಒಡೆದು ದೇಹದಲ್ಲಿ ಲೀನವಾಗುತ್ತದೆ.

ರಾಪಮೈಸಿನ್ನಿನ ಕಥೆಯೂ ರೋಚಕವಾದುದು. 1964ರಲ್ಲಿ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಸೂಕ್ಷ್ಮಜೀವಿಯಿಂದ ಇದು ದೊರೆಯಿತು. ಕೆನಡಾದಲ್ಲಿ ದುಡಿಯುತ್ತಿದ್ದ ಭಾರತ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್ ಅವರ ತಂಡ ಇದನ್ನು ಬೇರ್ಪಡಿಸಿತು. ಕಂಪನಿ ಸಂಶೋಧನೆಯನ್ನು ಕೈಬಿಟ್ಟಾಗ ಸೆಹಗಲ್ ಅವರು ಆ ಜೀವಿಯ ಮಾದರಿಯನ್ನು ತಮ್ಮ ಮನೆಯ ಶೀತಪೆಟ್ಟಿಗೆಯಲ್ಲಿ ಕಾಪಾಡಿದರು. 1999ರಲ್ಲಿ ಅದು ಮೂತ್ರಪಿಂಡ ಕಸಿಯ ರೋಗಿಗಳಿಗಾಗಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಕೋಶದೊಳಗಿನ ಹಳೆಯ ಕಸವನ್ನು ಕೋಶವೇ ಗುಡಿಸಿ ಶುದ್ಧಗೊಳಿಸಿಕೊಳ್ಳುವ ಕ್ರಿಯೆಯನ್ನು ರಾಪಮೈಸಿನ್ ಚುರುಕುಗೊಳಿಸುತ್ತದೆ. ಆದುದರಿಂದ ಅದರ ನೆರವು ಕೀಲಿಗೂ ಸಲ್ಲಬಹುದೆಂಬ ನಿರೀಕ್ಷೆ.

ಬೆಂಗಳೂರಿನ ಪರೀಕ್ಷೆಯಲ್ಲಿ, ಪೀಡೆಗೊಳಗಾದ ಕೋಶಗಳು ಅಕಾಲ ಮುಪ್ಪಿಗೆ ಜಾರುವುದು ಕಡಿಮೆಯಾಯಿತು. ಬಲೆಯ ನೇಯ್ಗೆಯೂ ಮುಂದುವರಿಯಿತು. ಇಲಿಗಳ ಮಂಡಿಗೆ ಚುಚ್ಚಿದಾಗ ಕಣಗಳು ಸುಮಾರು 30 ದಿನ ಕೀಲಿನಲ್ಲಿ ನಿಂತವು. ತರುವಾಯ ಸಂಧಿವಾತ ಬರಿಸಿದ ಇಲಿಗಳಲ್ಲಿಯೂ ಅದೇ ತಂಡ ಒಳ್ಳೆಯ ಫಲ ಕಂಡಿತು. ಆದರೆ ಇಲಿಯ ಮೃದ್ವಸ್ಥಿ ಕೂದಲಿನಷ್ಟು ತೆಳು, ಅದರ ಮೈತೂಕ ಕೆಲವು ಗ್ರಾಂ. ಅಲ್ಲಿಂದ ಐವತ್ತು ವರ್ಷ ದುಡಿದ ಮನುಷ್ಯನ ಮಂಡಿಗೆ ಬರಲು ದೊಡ್ಡ ಪ್ರಾಣಿಗಳ ಪರೀಕ್ಷೆ, ಮನುಷ್ಯರಲ್ಲಿ ಸುರಕ್ಷತೆಯ ಪರೀಕ್ಷೆ, ಕಡೆಗೆ ಬೋಸ್ಟನ್ನಿನಂತಹ ತುಲನಾತ್ಮಕ ಪರೀಕ್ಷೆ ದಾಟಬೇಕು. ಇದೇ ಪಾಲಿಮರಿನ ಕಣಗಳಲ್ಲಿ ಸ್ಟೀರಾಯಿಡ್ ತುಂಬಿದ ಸೂಜಿಮದ್ದೊಂದಕ್ಕೆ 2017ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಕಣದ ಮಾರ್ಗ ಕೈಗೂಡುವಂಥದೆಂದು ಇದರಿಂದ ತಿಳಿಯುತ್ತದೆ. ಆದರೆ ಆ ಒಪ್ಪಿಗೆ ಮಂಡಿನೋವಿನ ಶಮನಕ್ಕಾಗಿ, ಸವೆತ ತಡೆಯುವುದಕ್ಕಾಗಿ ಅಲ್ಲ.

ಘಟ್ಟದ ಮೇಲಿನ ಒಂದು ಪಾಠ

ಕುಂದಾಪುರದಿಂದ ಘಟ್ಟ ಹತ್ತಿ ಸಾಗರದ ಕಡೆಗೆ ಹೋದರೆ ಹಂದಿಗೋಡು ಎಂಬ ಗ್ರಾಮ ಸಿಗುತ್ತದೆ. 1970ರ ದಶಕದ ನಡುವಿನಲ್ಲಿ ಅಲ್ಲಿಯ ಬಡ ಕೂಲಿ ಕುಟುಂಬಗಳಲ್ಲಿ ಎಳೆಯರೂ ತರುಣರೂ ಸೊಂಟ ಮತ್ತು ಮಂಡಿಯ ನೋವಿನಿಂದ ನಡೆಯಲಾರದೆ ಹೋದುದು ಬೆಳಕಿಗೆ ಬಂದಿತು. ಗದ್ದೆಯ ಕೀಟನಾಶಕ ಸೇರಿದ ಏಡಿ, ಮೀನುಗಳನ್ನು ತಿಂದದ್ದೇ ಕಾರಣವೆಂಬ ಶಂಕೆ ಮೊದಲು ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು ಮನೆಮನೆಯ ವಿವರ ಕಲೆಹಾಕಿ 1977ರಲ್ಲಿ ವರದಿ ಪ್ರಕಟಿಸಿದರು. ಮುಂದಿನ ಅಧ್ಯಯನಗಳಲ್ಲಿ ಅದು ವಂಶದಲ್ಲಿ ಇಳಿದು ಬರುವ, ಮೂಳೆಯ ಬೆಳವಣಿಗೆಯನ್ನೇ ಕೆಡಿಸಿ ಕೀಲನ್ನು ಅಕಾಲದಲ್ಲಿ ಸವೆಸುವ ರೋಗವೆಂದು ಸ್ಪಷ್ಟವಾಯಿತು.

ಈ ಪ್ರಸಂಗ ನಮ್ಮ ವಿಷಯಕ್ಕೆ ಎರಡು ಬಗೆಯಲ್ಲಿ ಬೆಳಕು ಬೀರುತ್ತದೆ. ಮೂಳೆಯ ಆಕಾರವೇ ಕೆಟ್ಟಿರುವ ಕೀಲಿನಲ್ಲಿ ಉರಿಯೂತವನ್ನು ಮಾತ್ರ ತಣಿಸುವ ಕಣ ರೋಗದ ಬೇರಿಗೆ ತಾಗಲಾರದು. ಸಂಧಿವಾತವೆಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ರೋಗಗಳಿರುವುದರಿಂದ ಎಲ್ಲರಿಗೂ ಒಂದೇ ಮದ್ದೆಂಬ ಮಾತು ಸಲ್ಲದು. ಇನ್ನೊಂದು, ನರಳುವವರ ಮುಂದೆ ಬೇಗನೆ ಉತ್ತರ ಹೇಳುವ ಆತುರ ಎಲ್ಲರಿಗೂ ಇರುತ್ತದೆ. ತಾಳ್ಮೆಯಿಂದ ಹೋಲಿಸಿ ನೋಡಿದವರಿಗೆ ನಿಜವಾದ ಉತ್ತರ ಸಿಗುತ್ತದೆ.

ಉಪಸಂಹಾರ

ಆ ಹಿರಿಯ ಕಲಾವಿದರಿಗೆ ನಾನು ಹೇಳಿದ್ದಿಷ್ಟು: ಪತ್ರಿಕೆಯ ವಾರ್ತೆ ಸುಳ್ಳಲ್ಲ, ಆದರೆ ತಟ್ಟೆಯಲ್ಲಿ ಗುಣವಾದದ್ದು ಕೋಶ, ಮಂಡಿಯಲ್ಲ. ಆ ಸೂಜಿ ಇಂತಿಷ್ಟು ವರ್ಷದಲ್ಲಿ ಬರುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನ್ಯಾನೋ ಎಂಬ ಹೆಸರು ಹೇಳಿ ದುಬಾರಿ ಬೆಲೆಗೆ ಮಾರುವವರನ್ನು ಇನ್ನೂ ನಂಬಬೇಡಿ. ಈಗ ನಮ್ಮ ಕೈಯಲ್ಲಿರುವುದು ತೊಡೆಯ ಸ್ನಾಯುಗಳನ್ನು ಬಲಪಡಿಸುವ ದಿನನಿತ್ಯದ ವ್ಯಾಯಾಮ, ಮೈತೂಕದ ಹಿಡಿತ, ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂರುವುದನ್ನು ಕಡಿಮೆ ಮಾಡುವುದು, ವೈದ್ಯರ ಸಲಹೆಯಂತೆ ಮದ್ದು. ಸೂಜಿಯಿಂದ ನೋವು ಇಳಿದ ದಿನ ಮಂಡಿ ಕುಣಿಯುವ ದಿನವಲ್ಲ, ಮಂಡಿಗೆ ವಿರಾಮ ಕೊಟ್ಟು ವ್ಯಾಯಾಮ ಆರಂಭಿಸುವ ದಿನ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗ ಈಗ ಹೆಜ್ಜೆ ಕಲಿಯುತ್ತಿದ್ದಾನೆ, ಅವನಿಗೆ ಇದನ್ನು ಮೊದಲೇ ಹೇಳುತ್ತೇನೆಂದು ಎದ್ದು ಹೋದರು.

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ. ವಿಜ್ಞಾನದ ವಾರ್ತೆಯೊಂದನ್ನು ತರಗತಿಯಲ್ಲಿ ಓದಿಸುವಾಗ, ಪರೀಕ್ಷೆ ನಡೆದುದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯನಲ್ಲೋ ಎಂದು ಕೇಳಿರಿ. ಖಾಲಿ ಕಣದ ತಟ್ಟೆ ಇತ್ತೇ ಎಂದು ಕೇಳಿರಿ. ಅಳೆದದ್ದು ನೋವನ್ನೋ ಸವೆತವನ್ನೋ ಎಂದು ಕೇಳಿರಿ. ಶಾಲೆಯ ಪ್ರಯೋಗಾಲಯಕ್ಕೆ ಸೂಕ್ಷ್ಮದರ್ಶಕವನ್ನೂ ಗಾಜಿನ ತಟ್ಟೆಗಳನ್ನೂ ಕೊಡಿಸುವ ದಾನಿಗಳು ಇಂತಹ ಪ್ರಶ್ನೆ ಕೇಳಬಲ್ಲ ಮಕ್ಕಳನ್ನು ಬೆಳೆಸಲು ನೆರವಾಗುತ್ತಾರೆ. ಆ ಮಕ್ಕಳಲ್ಲಿ ಒಬ್ಬರು ಮುಂದೊಂದು ದಿನ ಐದು ತಟ್ಟೆಗಳನ್ನು ಸಾಲಾಗಿ ಇಟ್ಟು, ನಮ್ಮ ಗದ್ದೆ, ಬಂದರು, ರಂಗಸ್ಥಳಗಳಲ್ಲಿ ಸವೆದ ಮೊಣಕಾಲುಗಳ ಪ್ರಶ್ನೆಗೆ ಉತ್ತರ ಹುಡುಕಲಿ ಎಂಬುದು ನನ್ನ ಹಾರೈಕೆ.